ಲೆನ್ಸು ಬಂದಿದೆ, ಕ್ಯಾಮೆರಾ ಬರಬೇಕು

ಕ್ಯಾಮೆರಾ ಇನ್ನೂ ಬಂದಿಲ್ಲ. ಲೆನ್ಸು ಬಂದು ಎಂಟು ತಿಂಗಳಾಯಿತು. ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ, ನನ್ನ ಬಿ.ಎ. ಅಂಕಪಟ್ಟಿ, ಜಾತಿ ಸರ್ಟಿಫಿಕೇಟು ಇರುವ ಪ್ಲಾಸ್ಟಿಕ್ ಕವರಿನ ಪಕ್ಕ, ಒಂದು ಸ್ಟೀಲ್ ಡಬ್ಬಿಯೊಳಗೆ ಅದನ್ನು ಇಟ್ಟಿದ್ದೇನೆ. ಗಾಜಿಗೆ ಬೂಷ್ಟು ಹಿಡಿಯಬಾರದು ಅಂತ ಜೊತೆಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ. ಎತ್ತು ಬರುವ ಮೊದಲೇ ನೊಗ ಕೊಂಡು ತಂದವನ ಸ್ಥಿತಿ ನನ್ನದು.

ನಾನು ಕಾಯುತ್ತಿರುವುದು ನಿಕಾನ್ ಝಡ್ ಎಫ್ ಅನ್ನುವ ಕ್ಯಾಮೆರಾಕ್ಕೆ. 2023ರ ಸೆಪ್ಟೆಂಬರ್ 20ರಂದು ಜಪಾನಿನ ಆ ಕಂಪನಿ ಅದನ್ನು ಲೋಕಕ್ಕೆ ತೋರಿಸಿತು. ಆಗ ನಾನು ಡಿಗ್ರಿ ಕೊನೇ ವರ್ಷದ ಹುಡುಗ. ಹಾಸ್ಟೆಲಿನಲ್ಲಿ ಗೆಳೆಯರು ಕ್ರಿಕೆಟ್ ಸ್ಕೋರು ನೋಡುತ್ತಿದ್ದರೆ ನಾನು ಮೊಬೈಲಿನಲ್ಲಿ ಈ ಕ್ಯಾಮೆರಾದ ಚಿತ್ರ ನೋಡುತ್ತಾ ಕೂರುತ್ತಿದ್ದೆ. ನೋಡೋಕೆ ಅದು ಇದೇ ಕಂಪನಿಯ 1982ರ ಎಫ್‌ಎಂ2 ಕ್ಯಾಮೆರಾದ ತದ್ರೂಪು. ಕರೀ ಮೈ. ತಲೆಯ ಮೇಲೆ ಮೂರು ಹಿತ್ತಾಳೆ ಡಯಲ್ಲುಗಳು. ಎಡಕ್ಕೆ ಸೆನ್ಸರು ಬೆಳಕಿಗೆ ಎಷ್ಟು ಚುರುಕಾಗಿರಬೇಕು ಅಂತ ಹೇಳುವ ಐಎಸ್‌ಒ ಡಯಲ್ಲು. ಬಲಕ್ಕೆ ಶಟರಿನ ವೇಗದ್ದು. ಅದರ ಪಕ್ಕ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಇನ್ನೊಂದು. ಶಟರ್ ಡಯಲ್ಲಿನ ಬುಡದಲ್ಲಿ ಒಂದು ಪುಟ್ಟ ಸನ್ನೆ. ಅದನ್ನು ಸರಿಸಿದರೆ ಕ್ಯಾಮೆರಾ ಕಪ್ಪು ಬಿಳುಪಿಗೆ ಇಳಿಯುತ್ತದೆ. ಒಳಗೆ ಮಾತ್ರ ಎಲ್ಲ ಹೊಸದು: 24.5 ಮೆಗಾಪಿಕ್ಸೆಲ್ಲು, ಹಳೇ ರೀಲಿನ ಚೌಕದಷ್ಟೇ ದೊಡ್ಡದಾದ, 36ಕ್ಕೆ 24 ಮಿಲಿಮೀಟರಿನ ಸೆನ್ಸರು. ಬ್ಯಾಟರಿ, ಕಾರ್ಡು ಸೇರಿ ತೂಕ ಸುಮಾರು 710 ಗ್ರಾಂ.

ಇಂಥದ್ದಕ್ಕೆ ರೆಟ್ರೊ ಅಂತಾರೆ. ಹಳೇ ಕಾಲದ ವೇಷ ಹಾಕಿದ ಹೊಸ ಯಂತ್ರ. ಇದೇನೂ ಮೊದಲನೆಯದಲ್ಲ. 2010ರಲ್ಲಿ ಫ್ಯೂಜಿಫಿಲ್ಮ್ ಕಂಪನಿ ಎಕ್ಸ್100 ಅನ್ನುವುದನ್ನು ತೋರಿಸಿದಾಗಿನಿಂದ ಈ ಗೀಳು ದೊಡ್ಡದಾಯಿತು. ನಿಕಾನ್ ಕೂಡ 2013ರಲ್ಲಿ ಡಿಎಫ್, 2021ರಲ್ಲಿ ಝಡ್ ಎಫ್‌ಸಿ ಅಂತ ಎರಡನ್ನು ತಂದಿತ್ತು. ಒಂದರಲ್ಲಿ ಕನ್ನಡಿ ಇತ್ತು, ಇನ್ನೊಂದರ ಸೆನ್ಸರು ಚಿಕ್ಕದು. ಹಾಗಾಗಿ ಜನ ಬೇರೆಯದಕ್ಕೆ ಕಾದಿದ್ದರು. ನಾನೂ ಕಾದೆ. ಅವರು ಕಾದದ್ದು ಕಂಪನಿ ತಯಾರಿಸಲಿ ಅಂತ. ಕಂಪನಿ ತಯಾರಿಸಿತು. ನನ್ನ ಕಾಯುವಿಕೆ ಅಲ್ಲಿಂದ ಶುರುವಾಯಿತು.

ಕನ್ನಡಿ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಓದುತ್ತಾರೆ, ಮಕ್ಕಳಿಗೆ ಹೇಳಲು ಬರಲಿ. ಎಫ್‌ಎಂ2ರಂಥ ಕ್ಯಾಮೆರಾದಲ್ಲಿ ಲೆನ್ಸಿಗೂ ರೀಲಿಗೂ ನಡುವೆ ಒಂದು ಕನ್ನಡಿ ಓರೆಯಾಗಿ ನಿಂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಕೊಡುತ್ತದೆ. ಗುಂಡಿ ಒತ್ತಿದರೆ ಕನ್ನಡಿ ಟಪ್ಪನೆ ಮೇಲೆದ್ದು ದಾರಿ ಬಿಡುತ್ತದೆ, ಶಟರು ತೆರೆದು ಮುಚ್ಚುತ್ತದೆ, ಕನ್ನಡಿ ಮತ್ತೆ ಇಳಿಯುತ್ತದೆ. ಅದು ಎದ್ದು ಕೂರೋಕೆ ಜಾಗ ಬೇಕು. ಹಾಗಾಗಿ ಹಳೇ ನಿಕಾನಿನಲ್ಲಿ ಲೆನ್ಸು ಕೂರುವ ಬಾಯಿಗೂ ರೀಲಿಗೂ 46.5 ಮಿಲಿಮೀಟರ್ ದೂರ. ಹೊಸದರಲ್ಲಿ ಕನ್ನಡಿಯೇ ಇಲ್ಲ. ಬೆಳಕು ನೇರ ಸೆನ್ಸರಿಗೆ ಬಿದ್ದು, ಅಲ್ಲಿಂದ ಕಣ್ಣಿನ ಹತ್ತಿರದ ಪುಟ್ಟ ಪರದೆಗೆ ಹೋಗುತ್ತದೆ. ದೂರ ಬರೀ 16 ಮಿಲಿಮೀಟರ್. ಉಳಿಯಿತಲ್ಲ 30.5 ಮಿಲಿಮೀಟರ್, ಅಷ್ಟುದ್ದದ ಟೊಳ್ಳು ಕೊಳವೆಯೊಂದನ್ನು ನಡುವೆ ಸಿಕ್ಕಿಸಿದರೆ ಹಳೇ ಲೆನ್ಸಿಗೆ ತನ್ನ ಹಳೇ ದೂರ ಸಿಕ್ಕಿತು. ಅದಕ್ಕೆ ಅಡಾಪ್ಟರ್ ಅಂತಾರೆ. ಕನ್ನಡಿ ಹೋದದ್ದರಿಂದ ಮೂಲೆ ಸೇರಿದ್ದ ಹಳೇ ಗಾಜುಗಳಿಗೆಲ್ಲ ಮತ್ತೆ ಕೆಲಸ ಬಂತು.

ನನ್ನ ಟ್ರಂಕಿನಲ್ಲಿರುವುದು ಅಂಥ ಒಂದು ಗಾಜು. ಐವತ್ತು ಮಿಲಿಮೀಟರಿನದು, ಎಫ್ 1.8, 1980ರ ದಶಕದ್ದು. ನಾನು ತಾಲೂಕು ಕೇಂದ್ರದ ಒಂದು ಸ್ಟುಡಿಯೊದಲ್ಲಿ ಮದುವೆ ಆಲ್ಬಮ್ಮು ಜೋಡಿಸುವ ಕೆಲಸಕ್ಕಿದ್ದೇನೆ. ಸ್ಟುಡಿಯೊ ಯಜಮಾನರು ರೀಲಿನ ಕಾಲದವರು. ರೀಲು ನಿಂತಾಗ ಬಾಡಿ ಮಾರಿದರು, ಲೆನ್ಸು ಮಾರಲು ಮನಸ್ಸು ಬರಲಿಲ್ಲವಂತೆ. ಒಂದು ಸಂಜೆ ಗಿರಾಕಿ ಇಲ್ಲದಾಗ ಡ್ರಾಯರಿನಿಂದ ತೆಗೆದು ಕೈಗಿಟ್ಟರು. 'ಮೂರು ಸಾವಿರ ಕೊಡಪ್ಪ ಸಾಕು. ತಿಂಗಳಿಗೆ ಐನೂರು ಹಿಡ್ಕೋತೀನಿ' ಅಂದರು. ನಾನು ಉಂಗುರ ತಿರುಗಿಸಿದೆ. ಟಿಕ್, ಟಿಕ್, ಟಿಕ್. ಒಂದೊಂದು ಟಿಕ್ಕಿಗೂ ಒಳಗಿನ ಅಲಗುಗಳು ಮುಚ್ಚಿ ಬೆಳಕಿನ ಕಿಂಡಿ ಕಿರಿದಾಗುತ್ತಿತ್ತು. 'ಸಾರ್, ಆ ಕ್ಯಾಮೆರಾ ತಂದಾಗ ಮೊದಲು ನಿಮ್ಮ ಕೈಗೇ ಕೊಡ್ತೀನಿ' ಅಂದೆ. ಅವರು ಕನ್ನಡಕ ಒರೆಸಿಕೊಂಡು, 'ಆ ಡಯಲ್ಲು ತಿರುಗಿಸಿ ಇಪ್ಪತ್ತು ವರ್ಷದ ಮೇಲಾಯ್ತಪ್ಪ' ಅಂದರು.

ಅವರಿಗೆ ಅದು ನೆನಪು. ಕಂಪನಿಯವರು ಮಾರುತ್ತಿರುವುದೂ ಆ ನೆನಪನ್ನೇ. ಅಪ್ಪನ ಹೆಗಲಲ್ಲಿ ತೂಗುತ್ತಿದ್ದ ಕ್ಯಾಮೆರಾ, ಬೇಸಿಗೆ ರಜೆಯ ಆಲ್ಬಮ್ಮು, ಅಟ್ಟದ ಮೇಲಿನ ಚರ್ಮದ ಚೀಲ. ಯಾರ ಮನೆಯಲ್ಲಿ ಅದೆಲ್ಲ ಇತ್ತೋ ಅವರು ದುಡ್ಡು ಕೊಟ್ಟು ತಮ್ಮ ಬಾಲ್ಯವನ್ನು ಮತ್ತೆ ಕೊಳ್ಳಬಹುದು. ತಪ್ಪೇನಿಲ್ಲ. ಆದರೆ ನನ್ನಂಥವನು ಹಿಂದಕ್ಕೆ ತಿರುಗಿದರೆ ಏನು ಕಾಣುತ್ತದೆ?

1982. ಎಫ್‌ಎಂ2 ಮಾರುಕಟ್ಟೆಗೆ ಬಂದ ವರ್ಷ. ಸೆಕೆಂಡನ್ನು ನಾಲ್ಕು ಸಾವಿರ ತುಂಡು ಮಾಡಿ ಅದರಲ್ಲಿ ಒಂದು ತುಂಡಿನಷ್ಟು ಹೊತ್ತು ಮಾತ್ರ ತೆರೆಯುವ ಶಟರು ಅದರದು. ಬ್ಯಾಟರಿ ಸತ್ತರೂ ಶಟರು ಓಡುತ್ತಿತ್ತು, ಬ್ಯಾಟರಿ ಬೇಕಿದ್ದದ್ದು ಬೆಳಕಿನ ಮೀಟರಿಗೆ ಮಾತ್ರ. ಆ ವರ್ಷ ನಮ್ಮಪ್ಪನಿಗೆ ಹತ್ತು ವರ್ಷ. ತಾತ ಮಾಡಿದ ಇನ್ನೂರು ರೂಪಾಯಿ ಸಾಲಕ್ಕೆ ಅಪ್ಪ ಒಬ್ಬರ ಮನೆ ದನ ಕಾಯುತ್ತಿದ್ದ. ಜೀತ ನಿಲ್ಲಿಸುವ ಕಾಯ್ದೆ 1976ರಲ್ಲೇ ಬಂದಿತ್ತು. ದನಗಳಿಗಾಗಲಿ ಅಪ್ಪನಿಗಾಗಲಿ ಅದು ಗೊತ್ತಿರಲಿಲ್ಲ. ಹತ್ತು ವರ್ಷದ ಆ ಹುಡುಗ ಹೇಗಿದ್ದ ಅಂತ ತೋರಿಸುವ ಒಂದು ಚಿತ್ರವೂ ಇಲ್ಲ. ತಾತನದಂತೂ ಇಲ್ಲವೇ ಇಲ್ಲ. ನಮ್ಮ ಗೋಡೆಯ ಮೇಲೆ ಅಂಬೇಡ್ಕರರ ಫೋಟೊ ಇದೆ. ಕೋಟು, ಟೈ, ಕನ್ನಡಕ, ಜೇಬಲ್ಲಿ ಪೆನ್ನು. ಚಿಕ್ಕಂದಿನಲ್ಲಿ ನಾನು ಅವರನ್ನೇ ತಾತ ಅಂದುಕೊಂಡಿದ್ದೆ, ಯಾಕಂದರೆ ಮನೆಯಲ್ಲಿದ್ದ ಮುದುಕರ ಫೋಟೊ ಅದೊಂದೇ.

ಹಾಗಾಗಿ ರೆಟ್ರೊ ಅನ್ನುವ ಮಾತು ನನ್ನ ಮಟ್ಟಿಗೆ ತಲೆಕೆಳಗು. ಅವರಿಗೆ ಅದು ಎರಡನೇ ಸಲ. ನಮ್ಮ ಮನೆಗೆ ಅದು ಮೊದಲನೇ ಸಲ.

ಇಷ್ಟು ಹೇಳಿದರೆ ಸಂಘಟನೆಯ ಗೆಳೆಯರು ಸುಮ್ಮನಿರುತ್ತಾರೆಯೇ? 'ಏನಯ್ಯ ಕವಿ, ಶೋಕಿಗೆ ಸಿದ್ಧಾಂತ ಕಟ್ತಾ ಇದೀಯ' ಅಂತ ಕಿಚಾಯಿಸುತ್ತಾರೆ. ಒಬ್ಬ ಲೆಕ್ಕವನ್ನೇ ಹಾಕಿದ. ಬಿಡುಗಡೆಯಾದಾಗ ನಮ್ಮ ದೇಶದಲ್ಲಿ ಬಾಡಿಯೊಂದರ ಬೆಲೆ 1,76,995 ರೂಪಾಯಿ. ಅದರಲ್ಲಿ ಶೇಕಡಾ 18ರ ತೆರಿಗೆಯೇ ಸುಮಾರು 27 ಸಾವಿರ. ಕರ್ನಾಟಕದಲ್ಲಿ 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಭಾಗಿಸಿದರೆ 478 ದಿನ ದಾಟುತ್ತದೆ. ಒಂದು ಕುಟುಂಬಕ್ಕೆ ಆ ಯೋಜನೆಯಲ್ಲಿ ಆಗ ವರ್ಷಕ್ಕೆ 100 ದಿನದ ಕೆಲಸದ ಖಾತ್ರಿ ಇತ್ತು. ಅಂದರೆ ಒಂದು ಮನೆ ಉಣ್ಣದೆ ಉಡದೆ ಐದು ವರ್ಷದ ಹತ್ತಿರ ಮಣ್ಣು ಹೊತ್ತರೆ ಒಂದು ಕ್ಯಾಮೆರಾ, ಅದೂ ಲೆನ್ಸಿಲ್ಲದೆ.

ಆ ಲೆಕ್ಕ ಸರಿಯಾಗಿಯೇ ಇದೆ. ನಾನು ಅಲ್ಲಗಳೆಯಲಿಲ್ಲ. ಆದರೆ ಒಂದು ಮಾತು ಕೇಳಿದೆ. ನಾವು ಏನೇ ಕೊಂಡರೂ ಕೂಲಿ ದಿನಗಳಲ್ಲಿ ಅಳೆಯುತ್ತೀರಿ, ಬೇರೆಯವರ ಮಕ್ಕಳು ಕೊಂಡಾಗ ಈ ತಕ್ಕಡಿ ಎಲ್ಲಿರುತ್ತದೆ? ಬಡವನಿಗೆ ಬೇಕಾದ್ದು ಅಕ್ಕಿ, ಸೂರು, ಸಾಲಮನ್ನಾ ಇಷ್ಟೇ ಅಂತ ಸರ್ಕಾರದವರು ಪಟ್ಟಿ ಬರೆಯುತ್ತಾರೆ. ನಾವೂ ಅದೇ ಪಟ್ಟಿ ಹಿಡಿದುಕೊಂಡು ನಮ್ಮ ಹುಡುಗರ ಆಸೆಗೆ ಕತ್ತರಿ ಹಾಕಬೇಕೆ? ಚೆಂದದ ವಸ್ತುವಿಗೆ ಮನಸ್ಸು ಸೋಲುವುದು ಯಾರಪ್ಪನ ಆಸ್ತಿಯೂ ಅಲ್ಲ. ಗೋಡೆಯ ಮೇಲಿನ ಆ ಕೋಟು ನೋಡಿ ಸ್ವಲ್ಪ.

ಇನ್ನೊಬ್ಬ ಗೆಳೆಯ ತಿಳಿದವನು. 'ಇಪ್ಪತ್ತು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಸಿಗ್ತದೆ, ನಿನ್ನ ಲೆನ್ಸು ಅದಕ್ಕೂ ಕೂರ್ತದೆ, ಯಾಕೆ ಒದ್ದಾಡ್ತೀಯ?' ಅಂದ. ಒಳ್ಳೆ ಪ್ರಶ್ನೆ. ಆ ಬೆಲೆಯ ಕ್ಯಾಮೆರಾಗಳ ಸೆನ್ಸರು ಚಿಕ್ಕದು, ಹೆಚ್ಚುಕಡಿಮೆ 24ಕ್ಕೆ 16 ಮಿಲಿಮೀಟರು. ಅದರ ಮೇಲೆ ಕೂರಿಸಿದರೆ ನನ್ನ ಐವತ್ತರ ಲೆನ್ಸು ಎಪ್ಪತ್ತೈದರ ಹಾಗೆ ನೋಡುತ್ತದೆ, ಅಂದರೆ ಕಾಣುವ ಜಾಗ ಕಿರಿದಾಗುತ್ತದೆ. ನಮ್ಮ ಮನೆ ಹತ್ತಡಿಗೆ ಹತ್ತಡಿ. ಒಲೆ ಮುಂದೆ ಕೂತ ಅವ್ವನನ್ನು ಪೂರ್ತಿ ಹಿಡಿಯಬೇಕಾದರೆ ನಾನು ಗೋಡೆ ಒಡೆದು ಬೀದಿಗೆ ಹೋಗಿ ನಿಲ್ಲಬೇಕು. ಜೊತೆಗೆ ಆ ಬೆಲೆಯ ಹಲವು ನಿಕಾನ್‌ಗಳಲ್ಲಿ ಇಂಥ ಹಳೇ ಲೆನ್ಸು ಹಾಕಿದರೆ ಬೆಳಕಿನ ಮೀಟರು ಕೆಲಸ ಮಾಡುವುದಿಲ್ಲ. ಝಡ್ ಎಫ್‌ನಲ್ಲಿ ಮಾಡುತ್ತದೆ. ಕೈಯಲ್ಲಿ ಫೋಕಸ್ ತಿರುಗಿಸುವಾಗಲೂ ಎದುರಿಗಿರುವವರ ಕಣ್ಣು ಎಲ್ಲಿದೆ ಅಂತ ಹುಡುಕಿ ತೋರಿಸುತ್ತದೆ. ಇದೇ ಗುಣಗಳು, ಇಷ್ಟೇ ದೊಡ್ಡ ಸೆನ್ಸರು ಇರುವ, ಹಳೇ ವೇಷ ಹಾಕದ ಕ್ಯಾಮೆರಾಗಳೂ ಇವೆ ಅನ್ನುವುದು ನನಗೆ ಗೊತ್ತು. ಆದರೂ ಡಯಲ್ಲೇ ಬೇಕು. ಯಾಕೆ ಅನ್ನುವುದಕ್ಕೆ ಮೀಟರಿನ ಕತೆ ಹೇಳಬೇಕು.

ಕ್ಯಾಮೆರಾದ ಮೀಟರಿಗೆ ಮನುಷ್ಯರು ಗೊತ್ತಿಲ್ಲ. ಲೋಕವೆಲ್ಲ ಕಲಸಿದರೆ ಒಂದು ನಡುವಣ ಬೂದು ಬಣ್ಣ ಬರುತ್ತದೆ ಅಂತ ಅದು ನಂಬಿದೆ. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ವಾಪಸು ಕೊಡುವ ಬೂದು ಅಂತ ಫೋಟೊ ಪಾಠದಲ್ಲಿ ಹೇಳಿಕೊಡುತ್ತಾರೆ. ಏನು ತೋರಿಸಿದರೂ ಅದನ್ನು ಆ ಬೂದಿಗೆ ಎಳೆಯುವುದೇ ಅದರ ಕಸುಬು. ಕರಿ ಮುಖವೊಂದೇ ಚೌಕದ ತುಂಬ ಇದ್ದರೆ 'ಬೆಳಕು ಸಾಲದು' ಅಂದುಕೊಂಡು ಹೆಚ್ಚು ಬೆಳಕು ಬಿಟ್ಟು ಮುಖವನ್ನು ಬೂದಿ ಮಾಡುತ್ತದೆ. ಅದೇ ಮುಖ ಸುಣ್ಣ ಬಳಿದ ಗೋಡೆಯ ಮುಂದೆ ನಿಂತರೆ 'ಬೆಳಕು ಜಾಸ್ತಿ' ಅಂದುಕೊಂಡು ಕಿಂಡಿ ಮುಚ್ಚಿ ಮುಖವನ್ನು ಇದ್ದಿಲು ಮಾಡುತ್ತದೆ. ನಮ್ಮ ಕೇರಿಯ ಮುದುಕರ ಗುರುತಿನ ಚೀಟಿಗಳನ್ನು ತೆಗೆದು ನೋಡಿ. ಹಿಂದೆ ಬಿಳೀ ಪರದೆ, ಮುಂದೆ ಒಂದು ಕಪ್ಪು ಮಚ್ಚೆ. ಕಣ್ಣು ಎಲ್ಲಿ, ಮೂಗು ಎಲ್ಲಿ ಅಂತ ಹುಡುಕಬೇಕು. ಈಗಿನ ಕ್ಯಾಮೆರಾಗಳು ಮುಖ ಯಾವುದು ಅಂತ ಪತ್ತೆ ಮಾಡಿ ಲೆಕ್ಕ ತಿದ್ದುತ್ತವೆ, ನಿಜ. ಆದರೂ ಎಷ್ಟು ತಿದ್ದಬೇಕು ಅನ್ನುವ ತೀರ್ಮಾನ ಯಾರದು ಅನ್ನುವ ಪ್ರಶ್ನೆ ಉಳಿಯುತ್ತದೆ.

ಆ ಮೂರನೇ ಡಯಲ್ಲು ಇದೆಯಲ್ಲ, ಬೆಳಕನ್ನು ಹೆಚ್ಚು ಕಡಿಮೆ ಮಾಡುವುದು, ಅದರ ಮೇಲೆ ಕೂಡು ಮೂರರಿಂದ ಕಳೆ ಮೂರರ ತನಕ ಅಂಕಿ ಕೆತ್ತಿದೆ. ಸುಣ್ಣದ ಗೋಡೆ ಮುಂದೆ ಅಜ್ಜಿ ನಿಂತಿದ್ದಾಳೆ ಅಂದುಕೊಳ್ಳಿ. ಮೀಟರು ಏನಾದರೂ ಹೇಳಲಿ, ನಾನು ಡಯಲ್ಲನ್ನು ಕೂಡು ಒಂದಕ್ಕೆ ತಿರುಗಿಸುತ್ತೇನೆ, ಬೆಳಕು ಎರಡರಷ್ಟಾಗುತ್ತದೆ. ಗೋಡೆ ಬೇಕಾದರೆ ಬೆಳ್ಳಗೆ ಮಾಸಿ ಹೋಗಲಿ, ಅಜ್ಜಿಯ ಕೆನ್ನೆಯ ಗೆರೆ ಕಾಣಬೇಕು. ಬೇರೆ ಕ್ಯಾಮೆರಾಗಳಲ್ಲೂ ಇದನ್ನು ಮಾಡಬಹುದು. ಅಲ್ಲಿ ಅದು ಪರದೆಯ ಮೇಲೋ ಮೆನುವಿನ ಒಳಗೋ ಒಂದು ಸಣ್ಣ ಅಂಕಿಯಾಗಿ ಇರುತ್ತದೆ. ಇಲ್ಲಿ ಅದು ತಲೆಯ ಮೇಲೆ, ಹಿತ್ತಾಳೆಯಲ್ಲಿ, ಕ್ಯಾಮೆರಾ ಆರಿದ್ದರೂ ಕಾಣುವ ಹಾಗೆ ಇದೆ. ಕೇರಿಯ ಹುಡುಗನಿಗೋ ಹುಡುಗಿಗೋ ಕೈಗೆ ಕೊಟ್ಟು 'ನೋಡು, ಇದು ಮೆಷಿನ್ನು ಹೇಳಿದ್ದು, ಇದು ನೀನು ಹೇಳಿದ್ದು' ಅಂತ ಬೆರಳಿಟ್ಟು ತೋರಿಸಬಹುದು. ನನಗೆ ಈ ಕ್ಯಾಮೆರಾ ಬೇಕಾಗಿರುವುದು ಮುಖ್ಯವಾಗಿ ಇದಕ್ಕೆ. ಉಳಿದದ್ದು ಶೋಕಿ ಅಂದರೆ ಶೋಕಿಯೇ ಇರಲಿ.

ಕರಿ ಮೈಯ ವಿಷಯದಲ್ಲಿ ಯಂತ್ರಗಳು ತಾವಾಗಿ ಕುರುಡಾದದ್ದಲ್ಲ. ಅಮೆರಿಕದ ಕೊಡಾಕ್ ಕಂಪನಿ ಬಣ್ಣದ ಫೋಟೊ ಪ್ರಿಂಟು ಸರಿ ಇದೆಯೋ ಇಲ್ಲವೋ ನೋಡಲು ಲ್ಯಾಬುಗಳಿಗೆ ಒಂದು ಮಾದರಿ ಚೀಟಿ ಕಳಿಸುತ್ತಿತ್ತು. ಅದರಲ್ಲಿ ಇರುತ್ತಿದ್ದದ್ದು ಬಿಳಿ ಹೆಂಗಸಿನ ಚಿತ್ರ. ಮೊದಲು ನಿಂತ ಹೆಂಗಸಿನ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಅಂತಲೇ ಹೆಸರಾಯಿತು. ಅವಳ ಚರ್ಮ ಸರಿಯಾಗಿ ಬಂದರೆ ಲೋಕವೇ ಸರಿಯಾಗಿ ಬಂದ ಹಾಗೆ. ಬೇರೆ ಬೇರೆ ಬಣ್ಣದ ಮುಖಗಳು ಆ ಕಾರ್ಡಿಗೆ ಸೇರಲು 1990ರ ದಶಕ ಬರಬೇಕಾಯಿತು. ಮೊಬೈಲಿನ ಕಾಲದಲ್ಲೂ 2021ರಲ್ಲಿ ಗೂಗಲ್ ಕಂಪನಿ ತನ್ನ ಪಿಕ್ಸೆಲ್ 6 ಫೋನಿನ ಜೊತೆ 'ರಿಯಲ್ ಟೋನ್' ಅಂತ ಒಂದು ತಿದ್ದುಪಡಿ ತಂದಿತು, ಕಪ್ಪು ಕಂದು ಮೈಬಣ್ಣ ಇದ್ದ ಹಾಗೇ ಬರಲಿ ಅಂತ. ತಿದ್ದುಪಡಿ ಬೇಕಾಯಿತು ಅಂದರೆ ಅಲ್ಲಿಯ ತನಕ ಏನಿತ್ತು ಅಂತ ನೀವೇ ಊಹಿಸಿ.

ನನ್ನ ಸಂಬಳದ ಕೆಲಸವನ್ನೂ ಹೇಳಿಬಿಡುತ್ತೇನೆ. ಮದುವೆ ಆಲ್ಬಮ್ಮಿಗೆ ಬಂದವರು ಮೊದಲು ಕೇಳುವ ಮಾತು, 'ಹುಡುಗಿ ಮುಖ ಸ್ವಲ್ಪ ಬೆಳ್ಳಗೆ ಮಾಡಪ್ಪ.' ಯಾವ ಜಾತಿಯವರೂ ಇದಕ್ಕೆ ಹೊರತಲ್ಲ, ನಮ್ಮವರೂ ಅಲ್ಲ. ಕಂಪ್ಯೂಟರಿನಲ್ಲಿ ಒಂದು ಗೆರೆಯನ್ನು ಬಲಕ್ಕೆ ಎಳೆದರೆ ರಾಗಿ ಬಣ್ಣದ ಹುಡುಗಿ ಮೈದಾ ಬಣ್ಣಕ್ಕೆ ಬರುತ್ತಾಳೆ. ಕೈ ಮಾತ್ರ ರಾಗಿಯಾಗೇ ಉಳಿಯುತ್ತದೆ, ಅದಕ್ಕೆ ಬೇರೆ ಕೆಲಸ. ದಿನಕ್ಕೆ ನಲವತ್ತು ಐವತ್ತು ಮುಖ. ಸಂಜೆ ಬಸ್ಸಿನಲ್ಲಿ ಕೂತಾಗ ಎದುರಿಗಿರುವವರ ನಿಜವಾದ ಬಣ್ಣ ನೋಡಿ ಕಣ್ಣಿಗೆ ತಂಪಾಗುತ್ತದೆ. ಕಪ್ಪಿನಲ್ಲಿ ಎಷ್ಟು ಬಗೆ ಇದೆ! ಹುಣಸೇಬೀಜದ ಕಪ್ಪು, ಬೆಲ್ಲದ ಕಪ್ಪು, ಮಳೆ ಬಿದ್ದ ಎರೆಮಣ್ಣಿನ ಕಪ್ಪು. ಆ ಸನ್ನೆಯನ್ನು ಕಪ್ಪು ಬಿಳುಪಿಗೆ ಸರಿಸಿ ಈ ಬಗೆಗಳನ್ನೆಲ್ಲ ಬೇರೆ ಬೇರೆಯಾಗಿ ಹಿಡಿಯಲು ಬರುತ್ತದೆಯೇ ಅನ್ನುವುದು ನನ್ನ ಕುತೂಹಲ. ಕಪ್ಪು ಬಿಳುಪು ಅಂತಾರೆ, ಅದರಲ್ಲಿ ಕಪ್ಪಿಗೆ ಸಿಗಬೇಕಾದ ಪಾಲು ಸಿಕ್ಕಿದ್ದು ಕಡಿಮೆ.

ಸಿಕ್ಕಿದ ಕಡೆಯೂ ಇದೆ. ಗಾರ್ಡನ್ ಪಾರ್ಕ್ಸ್ ಅನ್ನುವ ಕಪ್ಪು ಅಮೆರಿಕನ್ ರೈಲಿನಲ್ಲಿ ಊಟ ಬಡಿಸುವ ಕೆಲಸಕ್ಕಿದ್ದ. ಪ್ರಯಾಣಿಕರು ಬಿಟ್ಟುಹೋದ ಪತ್ರಿಕೆಯಲ್ಲಿ ವಲಸೆ ಕೂಲಿಗಳ ಚಿತ್ರ ನೋಡಿ ಅವನಿಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. 1930ರ ದಶಕದ ಕೊನೆಗೆ ಸಿಯಾಟಲ್ ನಗರದ ಒಂದು ಗಿರವಿ ಅಂಗಡಿಯಲ್ಲಿ ವಾಯ್ಕ್ಟ್‌ಲೆಂಡರ್ ಬ್ರಿಲಿಯಂಟ್ ಅನ್ನುವ ಹಳೇ ಕ್ಯಾಮೆರಾ ಕೊಂಡ. 1942ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿ ಗುಡಿಸುತ್ತಿದ್ದ ಎಲ್ಲಾ ವಾಟ್ಸನ್ ಅನ್ನುವ ಹೆಂಗಸನ್ನು, ಅವಳ ಪೊರಕೆಯ ಸಮೇತ, ಆ ದೇಶದ ಬಾವುಟದ ಮುಂದೆ ನಿಲ್ಲಿಸಿ ಫೋಟೊ ತೆಗೆದ. ಆ ಒಂದು ಚಿತ್ರಕ್ಕೆ ಹತ್ತು ಭಾಷಣದ ಬಲ ಇದೆ. 1966ರಲ್ಲಿ ಬಂದ ಅವನ ಆತ್ಮಕತೆಯ ಹೆಸರನ್ನು ಕನ್ನಡಕ್ಕೆ ತಂದರೆ 'ಆಯುಧಗಳ ಆಯ್ಕೆ' ಅಂತಾಗುತ್ತದೆ. ಅವನು ಆರಿಸಿಕೊಂಡ ಆಯುಧ ಕ್ಯಾಮೆರಾ. ಗಿರವಿ ಅಂಗಡಿಗೆ ಬರುವ ಮೊದಲು ಆ ಕ್ಯಾಮೆರಾ ಯಾರದಿತ್ತೋ. ಬಂದ ಮೇಲೆ ಅದು ನೋಡುವ ದಿಕ್ಕು ಬದಲಾಯಿತು.

ಇನ್ನು ಲೆನ್ಸುಗಳ ವಿಷಯ. ಝಡ್ ಎಫ್‌ಗೆ ಒಪ್ಪುವ ಹಾಗೆ ಕಂಪನಿ ಎರಡು ಲೆನ್ಸುಗಳಿಗೆ ಹಳೇ ವೇಷ ಹಾಕಿದೆ: 28 ಮಿಲಿಮೀಟರ್ ಎಫ್ 2.8, ಇನ್ನೊಂದು 40 ಮಿಲಿಮೀಟರ್ ಎಫ್ 2. ಹಗುರ, ಚಿಕ್ಕವು, ಚಿತ್ರವೂ ಚೆನ್ನಾಗಿ ಬರುತ್ತದೆ ಅಂತಾರೆ. ನೋಡೋಕೆ 1970-80ರ ಲೆನ್ಸಿನ ಹಾಗೇ ಇವೆ. ಆದರೆ ಬೆಳಕಿನ ಕಿಂಡಿ ತಿರುಗಿಸುವ ಉಂಗುರ ಇಲ್ಲ! ಹಳೇ ಲೆನ್ಸಿನ ಜೀವವೇ ಆ ಉಂಗುರ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ನಕಲು ಮಾಡಿದ್ದಾರೆ. ಜಾತ್ರೆಯ ಅಂಗಡಿಯಲ್ಲಿ ಮಕ್ಕಳಿಗೆ ಮಾರುವ ವಾಚಿನ ಹಾಗೆ, ಮುಳ್ಳಿದೆ, ತಿರುಗುವುದಿಲ್ಲ. ಕ್ಯಾಮೆರಾದ ತಲೆ ಮೇಲೆ ಕಿಂಡಿಯ ಅಂಕಿ ತೋರಿಸಲು ಒಂದು ಪುಟ್ಟ ಕಿಟಕಿ ಇಟ್ಟಿದ್ದಾರೆ, ಅಷ್ಟೇ ಸಮಾಧಾನ. ಉಂಗುರ ಇರುವ ಹೊಸ ಲೆನ್ಸೇ ಬೇಕು ಅನ್ನುವವರಿಗೆ ಜಪಾನಿನ ಕೊಸಿನಾ ಕಂಪನಿ ಮಾಡುತ್ತದೆ, ವಾಯ್ಕ್ಟ್‌ಲೆಂಡರ್ ಅನ್ನುವ ಹೆಸರಿನಲ್ಲಿ. ಹೌದು, ಪಾರ್ಕ್ಸ್‌ನ ಕ್ಯಾಮೆರಾದ ಹೆಸರೇ. ಆ ಹಳೇ ಹೆಸರು ಕೈ ಬದಲಾಗುತ್ತಾ ಜಪಾನಿಗೆ ಬಂದು ಸೇರಿತು. ಬೆಲೆ ಕೇಳಬೇಡಿ.

ನನ್ನ ಪಟ್ಟಿ ಚಿಕ್ಕದು. ಮುಖಕ್ಕೆ ಟ್ರಂಕಿನಲ್ಲಿರುವ ಐವತ್ತು. ಎಫ್ 1.8ಕ್ಕೆ ತೆರೆದರೆ ಎಫ್ 4ಕ್ಕಿಂತ ಸುಮಾರು ಐದರಷ್ಟು ಬೆಳಕು ಒಳಗೆ ಬರುತ್ತದೆ. ಒಂದೇ ಬಲ್ಬಿನ ಮನೆಗೆ ಅದು ಬೇಕು. ಐಎಸ್‌ಒ 64,000ದ ತನಕ ಏರುವ ಸೆನ್ಸರೂ ಇರುವಾಗ ಫ್ಲಾಶು ಹೊಡೆದು ಮುದುಕರ ಕಣ್ಣು ಕುಕ್ಕುವ ಕೆಲಸ ಇಲ್ಲ. ಮುಂದೊಂದು ದಿನ ಆ 28. ಅಗಲವಾಗಿ ನೋಡುತ್ತದೆ. ನಮ್ಮ ಕೇರಿಯ ಮನೆಗಳಲ್ಲಿ ಹಿಂದಕ್ಕೆ ಸರಿಯಲು ಜಾಗವಿಲ್ಲ, ಮನೆಯೊಳಗೆ ನಿಂತೇ ಮನೆಯನ್ನು ತೋರಿಸಬೇಕು ಅಂದರೆ ಅಂಥದ್ದೇ ಬೇಕು. ಉಂಗುರ ಇಲ್ಲದಿದ್ದರೆ ಇಲ್ಲ, ಅಷ್ಟಕ್ಕೆ ಹಟ ಮಾಡುವುದಿಲ್ಲ.

ಈ ಯಂತ್ರವನ್ನು ಕಟ್ಟುವ ಕೈಗಳ ಬಗ್ಗೆಯೂ ಯೋಚಿಸುತ್ತೇನೆ. ಹೆಸರು ಜಪಾನಿನದಾದರೂ ನಿಕಾನಿನ ಇಂಥ ಕ್ಯಾಮೆರಾಗಳನ್ನು ಜೋಡಿಸುವುದು ಥಾಯ್ಲೆಂಡಿನ ಅಯುತ್ತಾಯ ಪ್ರಾಂತ್ಯದಲ್ಲಿ. 2011ರ ಅಕ್ಟೋಬರಿನ ಪ್ರವಾಹದಲ್ಲಿ ಆ ಕಾರ್ಖಾನೆ ನೀರಿನಲ್ಲಿ ಮುಳುಗಿತ್ತು. ಕ್ಯಾಮೆರಾ ಮಾರುಕಟ್ಟೆಗೆ ಬರುವುದು ತಡವಾಯಿತು ಅಂತ ಲೋಕ ಗೊಣಗಿತು. ಕಾರ್ಖಾನೆ ನಿಂತ ಆ ತಿಂಗಳುಗಳಲ್ಲಿ ಅಲ್ಲಿ ಸ್ಕ್ರೂ ತಿರುಗಿಸುತ್ತಿದ್ದವರ ಮನೆಯ ಒಲೆ ಹೇಗೆ ಉರಿದಿರಬಹುದು ಅಂತ ಕೇಳುವ ಚಟ ನಮ್ಮದು, ಬಿಡಲು ಬರುವುದಿಲ್ಲ. ಆ ಹಿತ್ತಾಳೆ ಡಯಲ್ಲನ್ನು ಮೊದಲು ತಿರುಗಿಸಿ ನೋಡಿದ್ದು ಅಂಥ ಒಂದು ಕೂಲಿ ಕೈಯೇ ಇರಬೇಕು.

ಕಾಯುವುದರಲ್ಲಿ ಎರಡು ಬಗೆ. 2024ರ ಫೆಬ್ರವರಿ 20ರಂದು ಫ್ಯೂಜಿಯ ಎಕ್ಸ್100 ಆರನೇ ಅವತಾರ ಬಂತು. ಕೊಳ್ಳುವವರು ಹೆಚ್ಚಾಗಿ, ದುಡ್ಡು ಕಟ್ಟಿದವರೂ ತಿಂಗಳುಗಟ್ಟಲೆ ಕಾದರು. ಅವರು ಮಾಲಿಗೆ ಕಾದರು. ನಾನು ದುಡಿಮೆಗೆ ಕಾಯುತ್ತಿದ್ದೇನೆ. ಸಂಬಳ ಹದಿನಾಲ್ಕು ಸಾವಿರ. ಮನೆಗೆ ಕೊಟ್ಟು ತಿಂಗಳಿಗೆ ನಾಲ್ಕು ಸಾವಿರ ಎತ್ತಿಡುತ್ತೇನೆ. ಹದಿನೇಳು ತಿಂಗಳಿಗೆ 68 ಸಾವಿರ ಆಗಿದೆ. ಬಿಡುಗಡೆ ದಿನದ ಬೆಲೆಯನ್ನೇ ಹಿಡಿದರೆ ಇನ್ನು ಇಪ್ಪತ್ತೇಳು ತಿಂಗಳು, ಮೇಲೆ 995 ರೂಪಾಯಿ. ಅಡಾಪ್ಟರ್ ಬೇರೆ. ಕಂತಿನ ಮೇಲೆ ಇವತ್ತೇ ಕೊಡುತ್ತೇವೆ ಅನ್ನುವ ಅಂಗಡಿಗಳು ಬೇಕಾದಷ್ಟಿವೆ. ಅಪ್ಪನಿಗೆ ಆ ಮಾತು ಹೇಳಿದೆ. ಅವನು ಬೀಡಿ ಆರಿಸಿ, 'ಇನ್ನೂರು ರೂಪಾಯ್ಗೆ ನಾ ಆರ್ ವರ್ಸ ದನ ಕಾದಿವ್ನಿ ಕಲಾ. ಸಾಲ ಬ್ಯಾಡ' ಅಂದ. ಅಲ್ಲಿಗೆ ಮುಗಿಯಿತು.

ಆದರೆ ಗೆಳೆಯರೆ, ನಮ್ಮ ಕೇರಿಯಲ್ಲಿ ಎಪ್ಪತ್ತು ದಾಟಿದವರು ಹನ್ನೊಂದು ಜನ ಇದ್ದರು. ನಾನು ದುಡ್ಡು ಕೂಡಿಡಲು ಶುರು ಮಾಡಿದ ಮೇಲೆ ಇಬ್ಬರು ಹೋದರು. ಒಬ್ಬರ ತಿಥಿಗೆ ಗುರುತಿನ ಚೀಟಿಯ ಆ ಕಪ್ಪು ಮಚ್ಚೆಯನ್ನೇ ದೊಡ್ಡದು ಮಾಡಿ ಕೊಡಿ ಅಂತ ಅವರ ಮಗ ಸ್ಟುಡಿಯೊಕ್ಕೆ ಬಂದ. ಎಷ್ಟು ತಿದ್ದಿದರೂ ಅದರೊಳಗೆ ಮನುಷ್ಯ ಸಿಗಲಿಲ್ಲ. ಇಪ್ಪತ್ತೇಳು ತಿಂಗಳು ಕಾಯುವ ಪುರುಸೊತ್ತು ನನಗಿದೆ, ಉಳಿದ ಒಂಬತ್ತು ಜನಕ್ಕೆ ಇದೆಯೋ ಇಲ್ಲವೋ. ಹಾಗಾಗಿ ಈಗ ಪ್ರತಿ ಭಾನುವಾರ ಮೊಬೈಲಿನಲ್ಲೇ ತೆಗೆಯುತ್ತಿದ್ದೇನೆ. ಮುಖ ನುಣ್ಣಗೆ ಮಾಡುವ, ಬೆಳ್ಳಗೆ ಮಾಡುವ ಗುಂಡಿಗಳನ್ನೆಲ್ಲ ಆರಿಸಿ, ಬಾಗಿಲ ಬೆಳಕಿಗೆ ಕೂರಿಸಿ, ಬೆರಳಿನಿಂದ ಪರದೆ ಒತ್ತಿ ಬೆಳಕು ಹೆಚ್ಚಿಸಿ. ಯಜಮಾನರು ಕಾಗದದ ಖರ್ಚಿಗಷ್ಟೇ ಪ್ರಿಂಟು ಹಾಕಿಕೊಡುತ್ತಾರೆ. ಆರು ಜನದ್ದು ಆಗಿದೆ. ಕ್ಯಾಮೆರಾ ಬಂದಾಗ ಮತ್ತೆ ತೆಗೆಯುತ್ತೇನೆ, ಅವರು ಇದ್ದರೆ.

ಅವ್ವ ಮಾತ್ರ ಮೊಬೈಲಿಗೆ ಕೂರಲು ಒಪ್ಪಿಲ್ಲ. 'ನೀ ಕಾಯ್ತಿರೋದು ಬರ್ಲಿ. ನಂಗೇನ್ ಅರ್ಜೆಂಟ್ ಇಲ್ಲ' ಅಂತಾಳೆ. ಯಾವ ಸೀರೆ ಅಂತ ಈಗಲೇ ಹೇಳಿದ್ದಾಳೆ. ಒಂದು ಷರತ್ತನ್ನೂ ಹಾಕಿದ್ದಾಳೆ:

'ನೀ ಆ ಮದ್ವೆ ಹೆಣ್ಗುಳ್ಗೆ ಮಾಡ್ತೀಯಲ್ಲ, ಅಂಗೆ ನನ್ನ ಬೆಳ್ಳಗ್ ಮಾಡ್ಬ್ಯಾಡ ಕಲಾ ಮಗ. ನಾಳೆ ನಾ ಸತ್ ಮ್ಯಾಕೆ ನಿನ್ ಮಕ್ಳು, ಯಾರು ಈವಮ್ಮ ಅಂತ ಕೇಳ್ಬಾರ್ದು.'